ಹಿರಡೇಗಡದ ಫೋಟೋ

"ಮೊದ್ಲ ಫೋಟೋ. ಆಮ್ಯಾಲ ಕುದುರಿ," ಎಂದು ಸೋಮವ್ವ ಬಸ್ ಸ್ಟ್ಯಾಂಡಿನಲ್ಲೇ ಪಟ್ಟು ಹಿಡಿದಳು.

ಐದಾರು ಮಂದಿ ಕುದುರೆಯವರು ಅವರನ್ನು ಸುತ್ತುವರಿದಿದ್ದರು. ಹಿರಡೇಗಡಕ್ಕೆ ಕೊಲ್ಲಾಪುರದ ಬಸ್ಸು ಬಂತೆಂದರೆ ದಿನಾ ಇದೇ ಗದ್ದಲ. ಅವರಲ್ಲೊಬ್ಬ ಯಾರನ್ನೂ ಕೇಳದೆ ಮಾದೇವಿಯನ್ನು ಎತ್ತಿ ಕುದುರೆಯ ಮೇಲೆ ಕೂರಿಸಿಯೇ ಬಿಟ್ಟಿದ್ದ. ಐದು ವರ್ಷದ ಹುಡುಗಿ ಎರಡೂ ಕೈಯಿಂದ ಜೂಲು ಹಿಡಿದುಕೊಂಡು, ಇನ್ನು ಇಳಿಯುವ ಮಾತೇ ಇಲ್ಲ ಎಂದು ಕೂತಿದ್ದಳು. ಅವಳ ಅಪ್ಪ ಕರೆಪ್ಪ ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಬುತ್ತಿಗಂಟು ಹಿಡಿದು, ತಾಯಿಯನ್ನೊಮ್ಮೆ ಮಗಳನ್ನೊಮ್ಮೆ ನೋಡಿದ.

"ಯವ್ವಾ, ಖಾನಾವಳಿ ಬಾಗಲಾ ಹಾಕೇತಿ. ಮಾಲಕ ಸಂತಿಗೆ ಕೆಳಗ ಹೋಗ್ಯಾನಂತ, ನಾಕರ ಬಸ್ಸಿಗೆ ಬರ್ತಾನಂತ. ಅಲ್ಲೀತನಕ ಮುಚ್ಚಿದ ಬಾಗಲಾ ನೋಡ್ಕೋತ ಕುಂದ್ರೂದೇನ?"

"ನಾ ಕುಂದರ್ತೇನಿ. ನೀವು ಹೋಗಿ ಬರ್ರಿ."

"ನಿಮ್ಮನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗೂಣ್ರಿ ಅತ್ತೀ?" ಎಂದಳು ಸೊಸೆ ಪದ್ಮವ್ವ. ಅವಳಿಗೆ ಇಲ್ಲಿಯ ಕೆರೆಯಲ್ಲಿ ದೋಣಿ ಹತ್ತುವ ಆಸೆ ಇತ್ತು. ಜಮಖಂಡಿ ಬಿಟ್ಟಾಗಿನಿಂದ ಆ ಮಾತನ್ನು ಮೂರು ಸಲ ಆಡಿದ್ದಳು.

ಸೋಮವ್ವ ಸೆರಗು ಬಿಗಿಮಾಡಿಕೊಂಡು ಕುದುರೆಯ ಹಿಂದೆ ನಡೆದಳು.

ಅವಳು ಗುಡ್ಡ ನೋಡಲು ಬಂದವಳಲ್ಲ, ಗಂಡನ ಮುಖ ನೋಡಲು ಬಂದವಳು. ಅಮಸಿದ್ದಪ್ಪ ತೀರಿಕೊಂಡು ಏಳು ವರ್ಷವಾಗಿತ್ತು. ಅವನದೆಂಬ ಒಂದು ಫೋಟೋ ಮನೆಯಲ್ಲಿ ಇರಲಿಲ್ಲ, ಬೀಗರಲ್ಲಿ ಇರಲಿಲ್ಲ, ಎಲ್ಲಿಯೂ ಇರಲಿಲ್ಲ. ವರ್ಷಕ್ಕೆ ಎಂಟು ತಿಂಗಳು ಕುರಿಹಿಂಡಿನ ಹಿಂದೆ ತಿರುಗುವ ಮನುಷ್ಯ ಸ್ಟುಡಿಯೋ ಮೆಟ್ಟಿಲು ಹತ್ತುವುದು ಯಾವಾಗ? ಕರೆಪ್ಪನ ಮದುವೆಗೆ ಫೋಟೋದವನನ್ನು ಗೊತ್ತು ಮಾಡುವ ಹೊತ್ತಿಗೆ ಅವನೇ ಇರಲಿಲ್ಲ. ಹೋಗಲಿ ಎಂದರೆ ಹೋಗುತ್ತಿತ್ತು. ಆದರೆ ಕರೆಪ್ಪನಿಗೆ ಹೈಸ್ಕೂಲಿನಲ್ಲಿ ಗುಮಾಸ್ತನ ನೌಕರಿ ಸಿಕ್ಕು, ಹಿಪ್ಪರಗಿ ಕಡೆಯ ಹಳ್ಳಿ ಬಿಟ್ಟು ಎಲ್ಲರೂ ಜಮಖಂಡಿಗೆ ಬಂದು ಇರತೊಡಗಿದ ಮೇಲೆ, ಹೋದ ದಸರೆಯಲ್ಲಿ ಒಂದು ಸಂಗತಿ ನಡೆಯಿತು. ಪಕ್ಕದ ಮನೆಗೆ ಬನ್ನಿ ಕೊಡಲು ಹೋದ, ತನ್ನ ಅಜ್ಜನ ಮುಖವನ್ನೇ ಕಾಣದ ಮಾದೇವಿ, ಅಲ್ಲಿ ಗೋಡೆಯ ಮೇಲೆ ಹಾರ ಹಾಕಿದ್ದ ಮುದುಕನೊಬ್ಬನ ಫೋಟೋಕ್ಕೆ ಕೈಮುಗಿದು "ಇಂವಾ ನಮ್ಮ ಮುತ್ಯಾ" ಎಂದಳು. ಆ ಮನೆಯವರೆಲ್ಲ ನಕ್ಕರು. ಸೋಮವ್ವನೂ ನಕ್ಕಳು. ಮನೆಗೆ ಬಂದು ಆ ರಾತ್ರಿ ಉಣ್ಣಲಿಲ್ಲ.

ಫೋಟೋ ಇರಲಿಲ್ಲ, ಆದರೆ ಸಿನಿಮಾ ಒಂದಿತ್ತು. ಅರವತ್ತೆರಡನೇ ಇಸವಿಯಲ್ಲಿ, ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ಪಶ್ಚಿಮಕ್ಕೆ ಹೋದ ಅಮಸಿದ್ದಪ್ಪನನ್ನು ಇದೇ ಹಿರಡೇಗಡದಲ್ಲಿ ಸಿನಿಮಾದವರು ನಿಲ್ಲಿಸಿಕೊಂಡಿದ್ದರು. ರಾಜನೊಬ್ಬ ವೈರಿಗಳ ಕಣ್ಣು ತಪ್ಪಿಸಿ ಕುರುಬನ ವೇಷದಲ್ಲಿ ಗುಡ್ಡ ಹತ್ತಿ ಪಾರಾಗುವ ಕಥೆ. ಅದಕ್ಕೆ ಕುರಿ ಬೇಕಾಗಿದ್ದವು. ಬೇರೆ ವರ್ಷಗಳಲ್ಲಾಗಿದ್ದರೆ ಸೋಮವ್ವನೂ ಹಿಂಡಿನ ಜೊತೆ ಇರುತ್ತಿದ್ದಳು. ಆ ವರ್ಷ ಏಳು ವರ್ಷದ ಕರೆಪ್ಪನ ಬೆನ್ನಿಗೆ ಮತ್ತೆ ಬಸುರಿಯಾಗಿ ಊರಲ್ಲೇ ಉಳಿದಿದ್ದಳು. ಮರುವರ್ಷ ಸಿನಿಮಾ ಜಮಖಂಡಿ ಟಾಕೀಸಿಗೆ ಬಂದಾಗ ಊರವರು ನಾಲ್ಕು ಗಾಡಿ ಕಟ್ಟಿಕೊಂಡು ಹೋದರು. ಅಮಸಿದ್ದಪ್ಪ ಆಗಲೂ ಹಿಂಡಿನ ಜೊತೆ ಹೊರಗಿದ್ದ. ಪರದೆಯ ಮೇಲೆ ಮಂಜು ಕವಿದ ಗುಡ್ಡ. ಕಂಬಳಿ ಕೊಪ್ಪೆ ಹಾಕಿಕೊಂಡವನೊಬ್ಬ ಕುರಿಗಳ ನಡುವೆ ಬೆನ್ನು ತೋರಿಸಿಕೊಂಡು ಏರು ಹತ್ತುತ್ತಿದ್ದಾನೆ. ಕರಿ ಕಂಬಳಿಯ ಎಡ ಹೆಗಲಿನ ಮೇಲೆ ಅಂಗೈಯಗಲದ ಬಿಳಿ ಉಣ್ಣೆಯ ತೇಪೆ. ಆ ತೇಪೆ ಹಾಕಿದವಳು ಸೋಮವ್ವನೇ. ಅವಳು ಎದ್ದು ನಿಂತು "ನಮ್ಮನಿಯವ್ರು ನೋಡ್ರಿ" ಎಂದಳು, ಊರವರೆಲ್ಲ ಹೌದು ಹೌದೆಂದರು. ಕುರಿ ಕಾಯುವವರಲ್ಲಿ ಮನುಷ್ಯನನ್ನು ದೂರದಿಂದ ಗುರುತಿಸುವುದು ಕಂಬಳಿಯಿಂದ. ಮುಖ ಕಾಣುವಷ್ಟು ಹತ್ತಿರ ಬಂದ ಮೇಲೆ ಗುರುತು ಹಿಡಿಯುವುದಾದರೂ ಏನಿದೆ? ಸೋಮವ್ವ ಆ ಸಿನಿಮಾವನ್ನು ಮೂರು ಸಲ ನೋಡಿದಳು.

ಮಳೆಗಾಲದ ಮುಂದೆ ಅಮಸಿದ್ದಪ್ಪ ಮನೆಗೆ ಬಂದಾಗ, "ನಿಮ್ಮನ್ನ ನೋಡಿ ಬಂದ್ನಿ," ಎಂದಿದ್ದಳು.

"ಹೆಂಗ ಕಂಡ್ನಿ?" ಎಂದು ಕೇಳಿದ್ದ.

"ಛಲೋ ಕಂಡ್ರಿ."

ಅವನು ನಗುತ್ತ ಮರಿಗಳನ್ನು ನೋಡಲು ಹಟ್ಟಿಗೆ ಹೋಗಿದ್ದ.

ಈ ಬೇಸಿಗೆಯಲ್ಲಿ ಕರೆಪ್ಪನ ಶಾಲೆಯ ಡ್ರಾಯಿಂಗ್ ಮಾಸ್ತರ ಗಿರಮಲ್ಲಪ್ಪ ಹೆಂಡತಿ ಮಕ್ಕಳೊಂದಿಗೆ ಹಿರಡೇಗಡಕ್ಕೆ ಹೋಗಿ ಬಂದರು. ಅಲ್ಲಿ ತುಕಾರಾಮನ ಖಾನಾವಳಿಯಲ್ಲಿ ಉಂಡರಂತೆ. ಕರೆಪ್ಪ ಹೇಳಿದ್ದ ಕಂಬಳಿಯ ಕಥೆ ಅವರಿಗೆ ನೆನಪಿತ್ತು. "ಗೋಡಿ ತುಂಬ ಶೂಟಿಂಗಿನ ಫೋಟೋ ಹಾಕ್ಯಾನ. ಒಂದ್ರಾಗ ಕುರಿ ಅದಾವ, ಕಂಬಳಿ ಹೊದ್ದಾಂವ ಅದಾನ, ಹೆಗಲ ಮ್ಯಾಲ ಬಿಳೇ ತ್ಯಾಪಿ ಐತಿ," ಎಂದು ಮನೆಗೇ ಬಂದು ಹೇಳಿದರು. ಹೋಗುವಾಗ "ಮುಖಾನೂ ಸ್ವಚ್ಛ ಕಾಣತೈತಿ ಮತ್ತ" ಎಂದು ಸೇರಿಸಿದರು. ಆ ಮಾತು ಸಾಕಾಯಿತು. ಫೋಟೋದವನ ಕೈಯಲ್ಲಿ ಆ ಫೋಟೋದ ಫೋಟೋ ತೆಗೆಸುವುದು, ದೊಡ್ಡದು ಮಾಡಿಸಿ ಕಟ್ಟು ಹಾಕಿಸುವುದು, ನಡುಮನೆಯಲ್ಲಿ ತೂಗುಹಾಕುವುದು. ಸೋಮವ್ವ ಅವತ್ತೇ ಗೋಡೆಗೆ ಮೊಳೆಯನ್ನೂ ಹೊಡೆಸಿದಳು.

ನಾಲ್ಕು ಗಂಟೆಯವರೆಗೆ ಹಿರಡೇಗಡದಲ್ಲಿ ಮಾಡುವುದೇನು ಎಂಬುದು ಅವಳಿಗೆ ತಿಳಿಯಲಿಲ್ಲ. ಮಾಡುವವರಿಗೆ ಬೇಕಷ್ಟಿತ್ತು. ಗುಡ್ಡ ನೋಡಲು ಬಂದವರೆಲ್ಲ ಅದರ ತುದಿಗೆ ಹೋಗಿ ನಿಂತು ಕೆಳಗಿನ ಬಯಲನ್ನೇ ನೋಡುತ್ತಿದ್ದರು. ಆ ಜಾಗಕ್ಕೆ ಪಾಯಿಂಟು ಎಂದು ಹೆಸರು. ಒಂದು ಪಾಯಿಂಟಿನಲ್ಲಿ ಯಾವುದೋ ಹಾಡು ತೆಗೆದಿದ್ದರಂತೆ, ಇನ್ನೊಂದರಲ್ಲಿ ಯಾವುದೋ ನಾಯಕಿ ಹಾರಿಕೊಂಡಿದ್ದಳಂತೆ. ಕುದುರೆಯವನು ಅದನ್ನೆಲ್ಲ ಕಣ್ಣಾರೆ ಕಂಡವನ ಹಾಗೆ ಮರಾಠಿಯಲ್ಲಿ ವಿವರಿಸುತ್ತಿದ್ದ. ಹಿಂಡಿನ ದಾರಿಯಲ್ಲಿ ಕಲಿತ ಮರಾಠಿ ಸೋಮವ್ವನಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ ಅಷ್ಟೇ. ಅವಳ ಕಣ್ಣು ಇಳಿಜಾರಿನ ಹುಲ್ಲಿನ ಮೇಲಿತ್ತು. ಇಷ್ಟು ಹುಲ್ಲಿದ್ದು ಒಂದು ಕುರಿಯೂ ಇಲ್ಲ.

ಕುದುರೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತಿತು.

"ಎಲ್ಲೂ ಹೋಗಲೇ ಇಲ್ಲಲ್ಲೋ ಇದು," ಎಂದಳು ಸೋಮವ್ವ. "ಹತ್ತಿದಲ್ಲೇ ಇಳಿಯೂದಕ್ಕ ಕುದುರಿ ಯಾಕ ಬೇಕು?"

"ಮಜಾ ಯವ್ವಾ, ಮಜಾ," ಎಂದ ಕರೆಪ್ಪ.

ದೋಣಿಯಲ್ಲಿ ಕರೆಪ್ಪ, ಪದ್ಮವ್ವ, ಮಾದೇವಿ ಮೂವರೂ ಕೂತರು. ಹುಟ್ಟು ಹಾಕಲು ಬಾರದ ಕರೆಪ್ಪ ದೋಣಿಯನ್ನು ಅರ್ಧ ಗಂಟೆ ನಿಂತಲ್ಲೇ ಗಿರಗಿರ ತಿರುಗಿಸಿದ. ಪದ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ನಕ್ಕು ಸುಸ್ತಾದಳು. ದಂಡೆಯ ಮೇಲೆ ಕೂತ ಸೋಮವ್ವ ನಾಲ್ಕು ಮಂದಿಯನ್ನು ಗಂಟೆ ಎಷ್ಟೆಂದು ಕೇಳಿದಳು.

ನಾಲ್ಕರ ಬಸ್ಸಿಗೆ ತುಕಾರಾಮ ಬಂದ. ಬಟಾಟೆ ಚೀಲ ಇಳಿಸಿಕೊಳ್ಳುತ್ತಿದ್ದವನು ಕರೆಪ್ಪನ ಮಾತು ಕೇಳಿ ಕಣ್ಣರಳಿಸಿದ. "ಜಮಖಂಡಿಯವ್ರಾ? ನಾನೂ ಆ ಕಡಿ ತೇರದಾಳದಾಂವ ರೀ," ಎಂದು ಚೀಲ ಅಲ್ಲೇ ಬಿಟ್ಟು ಬಾಗಿಲು ತೆರೆಯಲು ಓಡಿದ. ಸಿನಿಮಾ ಕಂಪನಿಯ ಅಡುಗೆಯವನ ಕೈಕೆಳಗೆ ಚಹಾ ಕಾಸಲು ಬಂದವನು, ಕಂಪನಿ ಹೋದರೂ ಇಲ್ಲೇ ಉಳಿದುಬಿಟ್ಟಿದ್ದ. ಕಿರಿದಾದ ಉದ್ದನೆಯ ಕೋಣೆ, ಆರು ಟೇಬಲ್ಲು, ಹೊಗೆ ಹಿಡಿದ ಗೋಡೆ, ಗೋಡೆಯ ತುಂಬ ಕಟ್ಟು ಹಾಕಿದ ಫೋಟೋಗಳು. ರಾಜರು, ರಾಣಿಯರು, ಕುರ್ಚಿಯಲ್ಲಿ ಕೂತ ಟೊಪ್ಪಿಗೆಯವರು.

"ಯವ್ವಾ, ಇಲ್ಲಿ ಐತಿ," ಎಂದು ಕರೆಪ್ಪ ಒಳಗಿನ ಗೋಡೆಯ ಹತ್ತಿರ ನಿಂತು ಕರೆದ. ಅವನ ದನಿ ಯಾಕೋ ಸಣ್ಣಗಿತ್ತು.

ಸೋಮವ್ವ ಕೈ ಒರೆಸಿಕೊಂಡಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಮುಂದೆ ಹೋಗಿ ನಿಂತಳು. ಮೊದಲು ಕಂಡದ್ದು ತೇಪೆ. ಅದೇ ತೇಪೆ, ಅವಳದೇ ಹೊಲಿಗೆ, ಮೂಲೆಯಲ್ಲಿ ಸ್ವಲ್ಪ ಸೊಟ್ಟಗಾದದ್ದೂ ಹಾಗೇ ಇತ್ತು. ಆಮೇಲೆ ಮೇಲೆ ನೋಡಿದಳು. ಬೆಳ್ಳಗಿನ ನುಣ್ಣನೆಯ ಮುಖ. ಹುಬ್ಬು ತೀಡಿದ್ದರು. ಮೀಸೆ ಗೆರೆ ಎಳೆದಷ್ಟು ತೆಳ್ಳಗಿತ್ತು.

"ಇಂವಾ ಯಾಂವ?" ಎಂದಳು.

"ಹೀರೋ ನೋಡ್ರಿ ಅಕ್ಕಾರ," ಎಂದ ತುಕಾರಾಮ.

"ಕಂಬಳಿ ನಮ್ಮದೈತಿ."

ತುಕಾರಾಮನಿಗೆ ಆಗ ಇವರು ಯಾರೆಂಬುದು ಹೊಳೆಯಿತು. ಹತ್ತಿರ ಬಂದು, "ಆ ಕುರುಬರ ಅಣ್ಣನ ಮನಿಯವರಾ ನೀವು?" ಎಂದು ಕೇಳಿದ. "ಕಂಬಳಿ ಅವರದ ನೋಡ್ರಿ. ಕಂಪನಿಯವರು ತಂದ ಕಂಬಳಿ ಹೊಸಾದು, ಮಡಚಿದ ಗೆರಿ ಸುದ್ದಾ ಹೋಗಿರಲಿಲ್ಲ. ಡೈರೆಕ್ಟರ್ ಸಾಹೇಬರು ಒಪ್ಪಲಿಲ್ಲ. ಅಣ್ಣನ ಮೈಮ್ಯಾಲಿಂದು ಬಿಚ್ಚಿಸಿ ಹೀರೋಗ ಹೊದಿಸಿದ್ರು."

"ಮತ್ತ ಗುಡ್ಡಾ ಏರೂದು? ಸಿನಿಮಾದಾಗ ಬೆನ್ನು ಕಾಣತೈತಲ್ರಿ?"

"ಅದೂ ಹೀರೋನ ರೀ."

"ಇವರಪ್ಪ ಎಲ್ಲೂ ಬಂದಿಲ್ಲೇನು?"

ತುಕಾರಾಮ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಇಲ್ರೀ ಅಕ್ಕಾರ. ಕುರಿ ಅಷ್ಟ ಬೇಕಾಗಿದ್ವು ಅವರಿಗೆ," ಎಂದ.

ಸೋಮವ್ವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಕರೆಪ್ಪ ಹಿಂದೆಯೇ ಬಂದು ಪಕ್ಕದಲ್ಲಿ ನಿಂತ. ಅವಳು ಬಾಯಿ ಬಿಟ್ಟಾಗ ಬಂದದ್ದು ಸಿಟ್ಟು.

"ನಾಕು ಗಾಡಿ ಮಂದಿ ಮುಂದ ಎದ್ದು ನಿಂತು ಮತ್ತೊಬ್ಬನ್ನ ತೋರಿಸಿ ನನ್ನ ಗಂಡ ಅಂದ್ನೆಲೋ ಕರೆಪ್ಪಾ. ಮೂರು ಸಲ ಹೋದೆ. ಇಪ್ಪತ್ತೆರಡು ವರ್ಷ ಕಣ್ಣು ಮುಚ್ಚಿದ್ರ ಅದ ಬೆನ್ನು ಕಾಣ್ತಿತ್ತು ನನಗ. ಅಂವಾ ಸತ್ತ ಮ್ಯಾಲೂ ಅದನ್ನ ನೆನಸ್ಕೊಂಡು ಅತ್ತೇನಿ."

"ನಿನಗೇನ ಗೊತ್ತಿತ್ತು ಯವ್ವಾ?"

"ಅವಗ ಗೊತ್ತಿತ್ತಿಲ್ಲೋ. ನಿಮ್ಮಪ್ಪಗ. ಹೆಂಗ ಕಂಡ್ನಿ ಅಂತ ಕೇಳಿದ. ನಾ ಹುಚ್ಚಿ, ಛಲೋ ಕಂಡ್ರಿ ಅಂದೆ. ನಾ ಅಲ್ಲ ಅದು ಅಂತ ಒಂದ ಮಾತು ಹೇಳಬಾರದಾಗಿತ್ತೇನ?"

ಸತ್ತವನ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ತೀರಿಸಿಕೊಳ್ಳಲು ಜಾಗವಿಲ್ಲ. ಅವಳು ಕಟ್ಟೆಯ ಕಲ್ಲನ್ನು ಅಂಗೈಯಿಂದ ಎರಡು ಸಲ ಬಡಿದಳು. ಒಳಗಿನಿಂದ ಬಂದ ಪದ್ಮವ್ವ, ಅತ್ತೆಗೆ ಸಮಾಧಾನವಾದೀತು ಎಂದುಕೊಂಡು, "ಕಂಬಳಿಯರ ಮಾವನೋರದು ಐತಲ್ರಿ. ಅದನ್ನರ ತೆಗಿಸ್ಕೊಂಡು ಹೋಗೂಣು," ಎಂದಳು.

"ಮಂದಿ ಮಾರಿಗೆ ನಾ ಹಾರ ಹಾಕ್ಲೇನ?" ಎಂದಳು ಸೋಮವ್ವ.

ಕರೆಪ್ಪ ಗಡಿಯಾರ ನೋಡಿಕೊಂಡ. ಆರಕ್ಕೆ ಕೊನೆಯ ಬಸ್ಸು. ಟ್ರಂಕು ಎತ್ತಿಕೊಳ್ಳಲು ಒಳಗೆ ಹೋದ. ಅಷ್ಟರಲ್ಲಿ ಮಾದೇವಿ ಒಳಗಿನಿಂದಲೇ ಕೂಗಿದಳು: "ಆಯೀ, ಇಲ್ಲೆ ಕುರಿ ಎಷ್ಟ ಅದಾವ ನೋಡು ಬಾ."

ಕುರಿ ಎಂದ ಮೇಲೆ ಸೋಮವ್ವ ಎದ್ದಳು. ಕುರಿಯಾದರೂ ತಮ್ಮವಲ್ಲವೆ. ಹೀರೋನ ಮುಖದ ಕಡೆ ಕಣ್ಣೆತ್ತದೆ, ಫೋಟೋದ ಕೆಳಭಾಗಕ್ಕೆ ಬಗ್ಗಿ ನಿಂತು ನೋಡತೊಡಗಿದಳು. ಇಪ್ಪತ್ತೆರಡು ವರ್ಷದ ಹಿಂದಿನ ಹಿಂಡು. ಒಂದೊಂದರ ಮೇಲೂ ಬೆರಳಿಟ್ಟು ಮೊಮ್ಮಗಳಿಗೆ ಹೇಳಿದಳು. "ಈ ಕೋಡು ಮುರದದ್ದು ಟಗರು, ಭಾಳ ಹಲ್ಕಾ ಇತ್ತಿದು, ನನ್ನನ್ನೂ ಹಾಯ್ದಿತ್ತು. ಇದು ನಾ ತವರಮನಿಯಿಂದ ತಂದ ಕುರಿ. ಇದರ ಮರಿ ನಿಮ್ಮಪ್ಪ ಹೆಗಲ ಮ್ಯಾಲ ಹೊತ್ಕೊಂಡು ತಿರಗತಿದ್ದ. ಇದು..."

ಬೆರಳು ನಿಂತಿತು. ಅವಳು ಇನ್ನೂ ಹತ್ತಿರಕ್ಕೆ ಬಗ್ಗಿದಳು. ಮೊದಲ ಸಾಲಿನದು, ಹಿಂದಿನ ಸಾಲಿನದು, ಮಂಜಿನಲ್ಲಿ ಅರ್ಧ ಮುಳುಗಿದ್ದು, ಎಲ್ಲವನ್ನೂ ಇನ್ನೊಮ್ಮೆ ನೋಡಿದಳು. ಅಷ್ಟೂ ಕುರಿ ತಲೆ ಎತ್ತಿದ್ದವು. ಅಷ್ಟೂ ಒಂದೇ ಕಡೆ ನೋಡುತ್ತಿದ್ದವು. ನಡುವೆ ನಿಂತ ರಾಜನ ಕಡೆಗಲ್ಲ. ಫೋಟೋದ ಎಡಕ್ಕೆ, ಕಟ್ಟಿನ ಆಚೆಗೆ. ಹುಲ್ಲಿನಲ್ಲಿರುವ ಕುರಿ ಸುಮ್ಮನೆ ತಲೆ ಎತ್ತುವುದಿಲ್ಲ. ನಾಯಿಯೋ ತೋಳವೋ ಬಂದರೆ ಎತ್ತೀತು, ಆದರೆ ಆಗ ಒಂದಕ್ಕೊಂದು ಮೈ ಒತ್ತಿಕೊಂಡು ನಿಲ್ಲುತ್ತವೆ. ಇವು ಹಾಗೆ ನಿಂತಿರಲಿಲ್ಲ. ಒಂದರ ಬಾಯಲ್ಲಿ ಹುಲ್ಲು ಹಾಗೇ ಇತ್ತು.

"ಅಣ್ಣಾರ," ಎಂದು ಸೋಮವ್ವ ಒಲೆಯ ಮುಂದಿದ್ದ ತುಕಾರಾಮನನ್ನು ಕರೆದಳು. "ಇದನ್ನ ತೆಗಿವಾಗ ಇವರಪ್ಪ ಎಲ್ಲಿದ್ರು?"

ತುಕಾರಾಮ ಬಂದು ನೋಡಿದ. "ಅದನ್ಯಾಕ ಕೇಳ್ತೀರಿ. ಹೀರೋನ ಮೈಗೆ ಅತ್ತರಿನ ವಾಸನಿ. ಒಂದ ಕುರಿ ಅವನ ಹತ್ರ ನಿಂದರವಲ್ದು, ಬಿಟ್ಟರ ಓಡಾಕತ್ವು. ಆಮ್ಯಾಲ ಅಣ್ಣನ್ನ ಇಲ್ಲೆ, ಈ ಎಡಗಡಿ ಒಂದು ಬಂಡಿಗಲ್ಲ ಮ್ಯಾಲ ಕುಂದರಿಸಿದ್ರು. ಜಾಗಾ ಬಿಟ್ಟು ಅಳ್ಳಾಡಬ್ಯಾಡ, ಕುಂತಲ್ಲಿಂದ ಕುರಿ ಕರೀತಿರು ಅಂದ್ರು. ಅಂವಾ ಕರದ. ಅಷ್ಟೂ ಗಪ್ಪಂತ ನಿಂತ್ವು."

"ಚಳಿ ಇತ್ತೇನ್ರಿ ಆವತ್ತು?"

"ಮಂಜ ಐತಲ್ರಿ ಫೋಟೋದಾಗ, ಕಾಣಾಕತ್ತಿಲ್ಲೇನು? ಕಂಬಳಿ ಹೀರೋನ ಮೈಮ್ಯಾಲ. ಅಣ್ಣ ಬರೇ ಅಂಗಿ ಮ್ಯಾಲ ನಡಗ್ಕೋತ ಕುಂತಿದ್ದ. ನಾ ಎರಡು ಸಲ ಚಹಾ ಒಯ್ದು ಕೊಟ್ನಿ. ಕುಡದು, ಕಪ್ಪು-ಬಸಿ ಕೈಯಾಗ ಕೊಟ್ಟು, ಮತ್ತ ಕರಿಯಾಕತ್ತಿದ."

ಸೋಮವ್ವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕರೆಪ್ಪನ ಕಡೆ ತಿರುಗಿ, "ಫೋಟೋದವನ್ನ ಕರಕೊಂಡು ಬಾ," ಎಂದಳು.

"ಯಾತರ ಫೋಟೋ ಯವ್ವಾ? ಅಪ್ಪ ಇಲ್ಲಲ್ಲ ಅದರಾಗ."

"ಕರಕೊಂಡು ಬಾ ಅಂದ್ನಿ. ಹೊತ್ತು ಮುಳಗತೈತಿ."

ಕರೆಪ್ಪ ಪಾಯಿಂಟಿನ ಕಡೆ ಓಡಿ, ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡ ಒಬ್ಬನನ್ನು ಕರೆತಂದ. ಅವನು ಮರಾಠಿಯವನು, ಅವಸರದ ಮನುಷ್ಯ. ಫೋಟೋವನ್ನು ಒಮ್ಮೆ ನೋಡಿ, ಒಳಗೆ ಬೆಳಕು ಸಾಲದು, ಕೆಳಗಿಳಿಸಿ ಹೊರಗೆ ತನ್ನಿ ಎಂದು ಚೌಕಟ್ಟಿಗೆ ಕೈಹಾಕಿದ.

"ಇಳಿಸಬ್ಯಾಡ. ಅದು ಎಲ್ಲೈತಿ ಅಲ್ಲೇ ಇರಲಿ," ಎಂದು ಸೋಮವ್ವ ಅವನದೇ ಭಾಷೆಯಲ್ಲಿ ಹೇಳಿದಳು. ತುಕಾರಾಮ ಎರಡೂ ಕಿಟಕಿ ತೆರೆದು, ಲೈಟು ಹಾಕಿದ. ಫೋಟೋದವನು ಗೊಣಗುತ್ತ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಚೌಕಟ್ಟಿಗೆ ಸರಿಹೊಂದಿಸಿದ.

"ಅಷ್ಟ ಅಲ್ಲ," ಎಂದಳು ಅವಳು. "ಈ ಕಡಿದೂ ಬರಬೇಕು." ಕಟ್ಟಿನ ಎಡಕ್ಕೆ ಒಂದು ಮೊಳದಷ್ಟು ದೂರ ಗೋಡೆಯ ಮೇಲೆ ಕೈ ಇಟ್ಟು ತೋರಿಸಿದಳು.

ಅವನು ಕ್ಯಾಮೆರಾ ಇಳಿಸಿ ನೋಡಿದ. ಅಲ್ಲಿ ಒಂದು ಕ್ಯಾಲೆಂಡರು ತೂಗುತ್ತಿತ್ತು. "ಕ್ಯಾಲೆಂಡರ್ ಬೇಕೇನು?" ಎಂದು ಕೇಳಿದ.

"ಕ್ಯಾಲೆಂಡರ್ ಬ್ಯಾಡ."

"ಅದನ್ನ ತೆಗದ್ರ ಉಳಿಯೂದು ಗೋಡಿ, ಅವ್ವಾರ. ಬರೇ ಗೋಡಿ."

"ಗೋಡಿ ಬರಲಿ."

ಫೋಟೋದವನು ಕರೆಪ್ಪನ ಮುಖ ನೋಡಿದ. ಕರೆಪ್ಪ ಒಂದು ಗಳಿಗೆ ತಾಯಿಯನ್ನು, ಒಂದು ಗಳಿಗೆ ಫೋಟೋದೊಳಗಿನ ಕುರಿಗಳನ್ನು ನೋಡಿದ. ಆಮೇಲೆ "ಆಕಿ ಹೇಳಿದಂಗ ತೆಗಿರಿ," ಎಂದು ಮುಖ ತಿರುಗಿಸಿಕೊಂಡ.

ತುಕಾರಾಮ ಕ್ಯಾಲೆಂಡರು ಬಿಚ್ಚಿಕೊಂಡು ಹಿಂದೆ ಸರಿದ. ಫೋಟೋದವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಕ್ಯಾಮೆರಾವನ್ನು ಎಡಕ್ಕೆ ಹೊರಳಿಸಿದ. ಇಷ್ಟೆಲ್ಲ ಯಾಕೆಂದು ತಿಳಿಯದ ಮಾದೇವಿ ಗೋಡೆಗೆ ಬೆನ್ನು ಕೊಟ್ಟು, ತನ್ನ ಫೋಟೋ ತೆಗೆಯುತ್ತಾರೆಂದು ನೆಟ್ಟಗೆ ನಿಂತಿದ್ದಳು.

"ಈ ಕಡಿ ಬಾರವಾ," ಎಂದು ಸೋಮವ್ವ ಅವಳ ಕೈ ಹಿಡಿದು ಎಳೆದುಕೊಂಡಳು. "ಮುತ್ಯಾಗ ಅಡ್ಡ ನಿಂತೀದಿ."

ಹುಡುಗಿ ಹೊರಳಿ ನೋಡಿದಳು. ಹೊಗೆ ಹಿಡಿದು ಕಪ್ಪಾದ ಗೋಡೆಯಲ್ಲಿ, ಕ್ಯಾಲೆಂಡರು ಇದ್ದಷ್ಟು ಜಾಗ ಮಾತ್ರ ಸುಣ್ಣ ಹಚ್ಚಿದ ದಿನದ ಹಾಗೆ ಬೆಳ್ಳಗಿತ್ತು.